ಮಳೆಗಾಲದಲ್ಲಿ ಮೇಜು ಕೊಳ್ಳಿ, ಬೇಸಿಗೆಯಲ್ಲಿ ಪಾಲಿಷ್ ಮಾಡಿ

ಚಿಕ್ಕಮಗಳೂರಿನಲ್ಲಿ ಹಳೆಯ ಮೇಜು ಕೊಳ್ಳಲು ಜುಲೈ ಒಳ್ಳೆಯ ತಿಂಗಳು. ಡ್ರಾಯರ್ ಎಳೆದರೆ ಬರುವುದಿಲ್ಲ, ಕಾಲುಗಳಿಗೆ ಬೂಷ್ಟು ಹಿಡಿದಿರುತ್ತದೆ, ಮಾರುವವರೂ ಹೆಚ್ಚು ಹಟ ಮಾಡುವುದಿಲ್ಲ. ಚೌಕಾಸಿ ಮಾಡಿ ತನ್ನಿ. ಆದರೆ ಸಿಕ್ಕಿಕೊಂಡ ಡ್ರಾಯರನ್ನು ಹೆರೆಸಲು ಕೂಡಲೇ ಬಡಗಿಯನ್ನು ಕರೆಯಬೇಡಿ. ಫೆಬ್ರವರಿಯ ಹೊತ್ತಿಗೆ ಅದು ತಾನಾಗಿ ಸಡಿಲವಾಗುತ್ತದೆ; ಈಗಲೇ ಹೆರೆದರೆ ಆಗ ಗಡಗಡ ಅಲ್ಲಾಡುತ್ತದೆ.

ಮರ ಕಡಿದು ಎಷ್ಟೇ ವರ್ಷವಾದರೂ ಅದರ ಕೋಶಗಳ ಗೋಡೆಗಳು ಗಾಳಿಯ ತೇವವನ್ನು ಹೀರುತ್ತ, ಬಿಡುತ್ತ ಇರುತ್ತವೆ. ಗಾಳಿಯ ಆರ್ದ್ರತೆ ಶೇ. 40ರಷ್ಟಿದ್ದರೆ ಮರದಲ್ಲಿನ ನೀರು ಅದರ ಒಣತೂಕದ ಶೇ. 7–8ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಆರ್ದ್ರತೆ ಶೇ. 90 ಮುಟ್ಟಿದರೆ ಅದು ಶೇ. 20ರ ಹತ್ತಿರ ಹೋಗುತ್ತದೆ. ಮರ ಉಬ್ಬುವುದು ಎಳೆಗೆ ಅಡ್ಡಲಾಗಿ. ಉದ್ದದಲ್ಲಿ ಆಗುವ ಬದಲಾವಣೆ ಲೆಕ್ಕಕ್ಕೆ ಬಾರದಷ್ಟು. ತೇಗದಂಥ ಸ್ಥಿರ ಮರದ್ದೇ 60 ಸೆಂಟಿಮೀಟರ್ ಅಗಲದ ಮೇಲ್ಹಲಗೆಯೂ ಒಂದು ಮಳೆಗಾಲದಲ್ಲಿ ಸುಮಾರು 5 ಮಿಲಿಮೀಟರ್ ಹಿಗ್ಗಬಹುದು. ಅದನ್ನು ಚೌಕಟ್ಟಿಗೆ ಬಿಗಿಯಾಗಿ ಸ್ಕ್ರೂ ಹೊಡೆದಿದ್ದರೆ ಬೇಸಿಗೆಯಲ್ಲಿ ಕುಗ್ಗುವಾಗ ನಡುವೆ ಸೀಳುತ್ತದೆ. ಸೀಳಿಗೆ ಪುಟ್ಟಿ ತುಂಬುವುದು ವ್ಯರ್ಥ. ಅಡಿಯ ಸ್ಕ್ರೂ ತೂತುಗಳನ್ನು ಅಡ್ಡಕ್ಕೆ ಸ್ವಲ್ಪ ಉದ್ದ ಮಾಡಿ, ಹಲಗೆಗೆ ಆಡಲು ಜಾಗ ಕೊಡಿ.

ಈ ಜಿಲ್ಲೆಯ ಹಳೆಯ ಮೇಜುಗಳಲ್ಲಿ ತೇಗ, ಹಲಸು ಇರುತ್ತವೆ. ಕಾಫಿ ತೋಟಗಳಿಗೆ ನೆರಳಿಗೆಂದು ಆಸ್ಟ್ರೇಲಿಯಾದಿಂದ ಬಂದ ಸಿಲ್ವರ್ ಓಕ್ ಕೂಡ ಇರುತ್ತದೆ. ಹಲಗೆಯ ಮೇಲೆ ಮಿನುಗುವ ಚುಕ್ಕಿಚುಕ್ಕಿ ಪಟ್ಟೆಗಳು ಕಂಡರೆ ಅದು ಸಿಲ್ವರ್ ಓಕ್ ಆಗಿರುವ ಸಂಭವ ಹೆಚ್ಚು. ಕಡಿಮೆ ಬೆಲೆಯ ಮರವೆಂದು ಅದನ್ನು ಕಡೆಗಣಿಸುವವರಿದ್ದಾರೆ. ಪಾಲಿಷ್ ಕೊಟ್ಟ ಮೇಲೆ ನೋಡಲಿ.

ಎಲ್ಲಕ್ಕೂ ಉಪ್ಪುಕಾಗದವೇ ಮದ್ದು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಮೊದಲು ಸಾಬೂನಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ; ಕಪ್ಪೆಂದುಕೊಂಡದ್ದು ಎಷ್ಟೋ ಸಲ ಬರೀ ಜಿಡ್ಡು. ಆಮೇಲೆ ಮರೆಯ ಮೂಲೆಯೊಂದರಲ್ಲಿ ಹತ್ತಿಯಿಂದ ಸ್ಪಿರಿಟ್ (ಪಾಲಿಷ್‌ಗೆ ಬಳಸುವ ಮದ್ಯಸಾರ) ಹಚ್ಚಿ ನೋಡಿ. ಒಂದೆರಡು ನಿಮಿಷದಲ್ಲಿ ಅಂಟಂಟಾದರೆ ಮೇಲಿರುವುದು ಅರಗು, ಅಂದರೆ ಅರಗಿನ ಹುಳು ಸ್ರವಿಸಿದ ರಾಳ. ಕೆಲಸ ಕಡಿಮೆ ಖರ್ಚಿನಲ್ಲಿ ಮುಗಿಯುತ್ತದೆಂಬುದಕ್ಕೆ ಇದು ಶುಭಸೂಚನೆ. ಹೊಸ ಲೇಪದ ಸ್ಪಿರಿಟ್ ಹಳೆಯ ಅರಗನ್ನೂ ಕರಗಿಸಿ ಎರಡನ್ನೂ ಬೆಸೆಯುತ್ತದೆ, ಹಾಗಾಗಿ ಪೂರ್ತಿ ಕೆರೆಯಬೇಕಿಲ್ಲ. ಬಿಸಿ ಕಾಫಿ ಲೋಟ ಬಿಟ್ಟ ಬಿಳಿ ಬಳೆಗಳೂ ಸ್ಪಿರಿಟ್ ತಾಗಿಸಿದ ಬಟ್ಟೆಯ ಹಗುರ ಸವರಿಕೆಗೆ ಬಹುಮಟ್ಟಿಗೆ ಹೋಗುತ್ತವೆ. ಸ್ಪಿರಿಟ್‌ಗೆ ಜಗ್ಗದೆ ಥಿನ್ನರ್‌ಗೆ ಕರಗಿದರೆ ಅದು ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಪ್ಲಾಸ್ಟಿಕ್‌ನಂಥ ಗಟ್ಟಿ ಲೇಪವಾದ ಪಾಲಿಯುರೆಥೇನ್ ಇದ್ದೀತು. ಅಲ್ಲಿ ಉಜ್ಜುವುದು ಅನಿವಾರ್ಯ.

ಮೇಲೆ ಹಳೆಯ ಎಣ್ಣೆಬಣ್ಣವಿದ್ದರೆ ಎಚ್ಚರ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದೆಂಬ ನಿಯಮ ಭಾರತದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನು ಒಣದಾಗಿ ಉಜ್ಜಿ ದೂಳೆಬ್ಬಿಸಬೇಡಿ. ನೀರು ಹಚ್ಚಿ ಉಜ್ಜಿ, ಮಕ್ಕಳನ್ನು ದೂರವಿಡಿ.

ಇನ್ನು ಪಾಲಿಷ್. ಮಳೆಗಾಲದಲ್ಲಿ ಹಚ್ಚಿದ ಸ್ಪಿರಿಟ್ ಪಾಲಿಷ್, ಅಂದರೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು, ಬೆಳ್ಳಗೆ ಮಂಜುಗಟ್ಟಿದರೆ ಅಂಗಡಿಯವರ ಕಲಬೆರಕೆ ಎಂದು ಬೈಯುವುದುಂಟು. ನಿಜವಾಗಿ ಅದು ಗಾಳಿಯ ಕೆಲಸ. ಸ್ಪಿರಿಟ್ ಆವಿಯಾಗುವಾಗ ಹಲಗೆಯ ಶಾಖವನ್ನು ಎಳೆದುಕೊಳ್ಳುತ್ತದೆ. ತಣ್ಣಗಾದ ಮೇಲ್ಮೈಗೆ ಗಾಳಿಯ ನೀರಾವಿ ಇಬ್ಬನಿಯಾಗಿ ಇಳಿದು ಅರಗಿನೊಳಗೆ ಸೇರುತ್ತದೆ. ನೀರಿನಲ್ಲಿ ಕರಗದ ಅರಗು ಸಣ್ಣ ಕಣಗಳಾಗಿ ಬೇರ್ಪಟ್ಟು ಬೆಳಕನ್ನು ಚದುರಿಸುತ್ತದೆ. ಆ ಬಿಳುಪು ಇದೇ. ಆದ್ದರಿಂದ ಜನವರಿಯಿಂದ ಮಾರ್ಚ್‌ವರೆಗೆ, ಮಂಜು ಕರಗಿದ ನಂತರದ ಮಧ್ಯಾಹ್ನ ಹಚ್ಚಿ. ಅರಗನ್ನು ಚಕ್ಕೆಯ ರೂಪದಲ್ಲಿ ಕೊಂಡು ಬೇಕಾದಷ್ಟೇ ಕರಗಿಸಿಕೊಳ್ಳಿ; ಸ್ಪಿರಿಟ್‌ನಲ್ಲಿ ತಿಂಗಳುಗಟ್ಟಲೆ ನಿಂತ ಅರಗು ಸರಿಯಾಗಿ ಗಟ್ಟಿಯಾಗುವುದಿಲ್ಲ. ಮೇಜಿನ ಅಡಿಭಾಗಕ್ಕೂ ಒಂದು ಕೈ ಹಚ್ಚಿ. ಪಾಲಿಷ್ ತೇವವನ್ನು ತಡೆಯುವುದಿಲ್ಲ, ನಿಧಾನಿಸುತ್ತದೆ ಅಷ್ಟೇ. ಒಂದೇ ಮೈ ಬರಿದಾಗಿದ್ದರೆ ಎರಡು ಮೈಗಳು ಬೇರೆಬೇರೆ ವೇಗದಲ್ಲಿ ಹಿಗ್ಗಿ ಹಲಗೆ ಬಾಗುತ್ತದೆ.

ಎಣ್ಣೆಯೇ ಇಷ್ಟವೆನ್ನುವವರು ಕೊಬ್ಬರಿ ಎಣ್ಣೆ ಹಚ್ಚಬೇಡಿ. ಅದರ ಕೊಬ್ಬಿನಾಮ್ಲಗಳು ಹೆಚ್ಚಾಗಿ ಸಂತೃಪ್ತವಾದವು. ಅವು ಆಮ್ಲಜನಕದೊಡನೆ ಕೂಡಿ ಗಟ್ಟಿಯಾಗುವುದಿಲ್ಲ, ದೂಳು ಹಿಡಿಯುತ್ತ ಕೂರುತ್ತವೆ. ಅಗಸೆ ಎಣ್ಣೆ ಗಟ್ಟಿಯಾಗುತ್ತದೆ, ಆಗುವಾಗ ಶಾಖವನ್ನೂ ಬಿಡುತ್ತದೆ. ಹಲಗೆಯ ಮೇಲೆ ಆ ಶಾಖ ಚದುರಿಹೋಗುತ್ತದೆ. ಮುದ್ದೆ ಮಾಡಿ ಎಸೆದ ಬಟ್ಟೆಯೊಳಗೆ ಅದು ಹೊರಹೋಗಲು ದಾರಿಯಿಲ್ಲದೆ ಏರುತ್ತ, ಕಡ್ಡಿ ಗೀರದೆಯೇ ಬೆಂಕಿ ಹೊತ್ತಿಸಬಲ್ಲದು. ಒರೆಸಿದ ಬಟ್ಟೆಯನ್ನು ನೀರಿನಲ್ಲಿ ಮುಳುಗಿಸಿಡಿ, ಇಲ್ಲವೇ ಮನೆಯ ಹೊರಗೆ ತಂತಿಯ ಮೇಲೆ ಬಿಡಿಸಿ ಹರಡಿ.