ಕಾಲೇಜು ಹಾಕಿ ಕೋಚ್: ನಾಲ್ಕು ವರ್ಷದ ಲೆಕ್ಕ ತಪ್ಪಿದ್ದೆಲ್ಲಿ?

ಅಮೆರಿಕದ ಕಾಲೇಜು ಐಸ್ ಹಾಕಿಯಲ್ಲಿ ಜೆರ್ರಿ ಯಾರ್ಕ್ ಹೆಸರಿಗೆ 1,123 ಗೆಲುವುಗಳಿವೆ. 1972ರಲ್ಲಿ ಕ್ಲಾರ್ಕ್‌ಸನ್‌ನಲ್ಲಿ ಮುಖ್ಯ ಕೋಚ್ ಆದವರು ಬೌಲಿಂಗ್ ಗ್ರೀನ್ ದಾಟಿ ಬಾಸ್ಟನ್ ಕಾಲೇಜಿಗೆ ಬಂದು 2022ರಲ್ಲಿ ನಿವೃತ್ತರಾದರು. ಐವತ್ತು ವರ್ಷ, ಮೂರೇ ಕಾಲೇಜು, ಐದು ರಾಷ್ಟ್ರೀಯ ಪ್ರಶಸ್ತಿ. ಇಂದು ಕೋಚ್ ಆಗುವವರಿಗೆ ಅಂಥ ಹಾದಿಯೇ ಉಳಿದಿಲ್ಲ.

ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ 1948ರಲ್ಲಿ ನಾಲ್ಕು ತಂಡಗಳಿಂದ ಶುರುಮಾಡಿದ ಟೂರ್ನಿಯಲ್ಲಿ ಈಗ ಹದಿನಾರು ತಂಡಗಳು. ನಡುವೆ ಕೋಚ್ ಹರ್ಬ್ ಬ್ರೂಕ್ಸ್ ಮಿನ್ನೆಸೋಟ ವಿಶ್ವವಿದ್ಯಾಲಯಕ್ಕೆ ಮೂರು ಪ್ರಶಸ್ತಿ ತಂದು, 1980ರ ಒಲಿಂಪಿಕ್ಸ್‌ನಲ್ಲಿ ಕಾಲೇಜು ಹುಡುಗರನ್ನು ಕಟ್ಟಿಕೊಂಡು ಸೋವಿಯತ್ ತಂಡವನ್ನು 4-3ರಿಂದ ಸೋಲಿಸಿದರು. ಕಾಲೇಜು ಕೋಚ್ ಎಂದರೆ ಮೇಷ್ಟ್ರು ಎಂಬ ನಂಬಿಕೆ ಗಟ್ಟಿಯಾಯಿತು.

ಮೇಷ್ಟ್ರಿಗೆ ಸಮಯವೂ ಇತ್ತು: ಹುಡುಗ ಕಾಲೇಜಿನಲ್ಲಿರುವ ನಾಲ್ಕು ವರ್ಷ. ಕೆನಡಾದ ಜೂನಿಯರ್ ಲೀಗ್‌ನ ಹುಡುಗ 68 ಪಂದ್ಯ ಆಡುತ್ತ ಚಳಿಗಾಲವನ್ನೆಲ್ಲ ಬಸ್ಸಿನಲ್ಲಿ ಕಳೆದರೆ, ಕಾಲೇಜಿನವನಿಗೆ ಸುಮಾರು 34 ಪಂದ್ಯ, ಅವೂ ಬಹುತೇಕ ಶುಕ್ರವಾರ-ಶನಿವಾರ. ಉಳಿದ ದಿನ ಪಾಠ, ಅಭ್ಯಾಸ, ಜಿಮ್. ಮೊದಲ ವರ್ಷ ಕೊನೆಯ ಸರದಿಯ ನಾಲ್ಕನೇ ಲೈನಿನಲ್ಲಿ ಏಳೆಂಟು ನಿಮಿಷ ಕಂಡವನು ಮೂರನೇ ವರ್ಷಕ್ಕೆ ಪವರ್‌ಪ್ಲೇಗೆ, ಅಂದರೆ ಎದುರಾಳಿಗೆ ಆಟಗಾರ ಕಡಿಮೆಯಿದ್ದಾಗಿನ ಆಟಕ್ಕೆ, ಬರುತ್ತಿದ್ದ. ತಂಡಕ್ಕೆ ವಿದ್ಯಾರ್ಥಿವೇತನ 18 ಮಾತ್ರ. ಅದನ್ನು ಇಪ್ಪತ್ತೈದಕ್ಕೂ ಹೆಚ್ಚು ಹುಡುಗರಿಗೆ ತುಂಡು ಮಾಡಿ ಹಂಚಬೇಕಿತ್ತು. ಒಂದನೇ ಗೋಲ್‌ಕೀಪರಿಗೆ ಪೂರ್ತಿ, ಕೆಳಗಿನ ಲೈನಿನವನಿಗೆ ಅರ್ಧ, ಮೂರನೇ ಗೋಲ್‌ಕೀಪರಿಗೆ ಬರೀ ಜೆರ್ಸಿ. ‘ಮುಂದಿನ ವರ್ಷ ನೋಡೋಣ’ ಎಂದರೆ ಹುಡುಗ ಸುಮ್ಮನಾಗುತ್ತಿದ್ದ. ಕಾಲೇಜು ಬದಲಿಸಿದರೆ ಒಂದು ವರ್ಷ ಆಡದೆ ಕೂರಬೇಕಿತ್ತಲ್ಲ.

2018ರಲ್ಲಿ, ಕಾಲೇಜು ಬದಲಿಸಬಯಸುವವರ ಹೆಸರು ದಾಖಲಾಗುವ ವರ್ಗಾವಣೆ ಪೋರ್ಟಲ್ ಬಂತು. 2021ರಲ್ಲಿ ಮೊದಲ ಸಲ ಕಾಲೇಜು ಬದಲಿಸುವವನಿಗೆ ಆ ಕೂರುವ ಶಿಕ್ಷೆ ತಪ್ಪಿತು. ಹುಡುಗರ ಪಾಲಿಗೆ ಇದು ನ್ಯಾಯವೇ: ಕೋಚ್ ಕಾಲೇಜು ಬದಲಿಸಿದಾಗ ಅವರನ್ನು ಯಾರೂ ವರ್ಷಗಟ್ಟಲೆ ಕೂರಿಸಿರಲಿಲ್ಲ. ಆದರೆ ತಿದ್ದಿ ತೀಡಿದ ಆಟಗಾರ ಫಲ ಕೊಡುವ ಹೊತ್ತಿಗೆ ಬೇರೆ ಬಣ್ಣದ ಜೆರ್ಸಿಯಲ್ಲಿ ಎದುರಾಗತೊಡಗಿದ.

ದೊಡ್ಡ ತಿರುವು 2024ರ ನವೆಂಬರಿನದು. ಭತ್ಯೆ ಕೊಡುವ, ವೃತ್ತಿಪರ ಲೀಗ್ ಎನ್‌ಎಚ್‌ಎಲ್‌ನ ಒಪ್ಪಂದಕ್ಕೆ ಸಹಿ ಹಾಕಿದವರೂ ಆಡುವ ಕೆನಡಾದ ಪ್ರಮುಖ ಜೂನಿಯರ್ ಲೀಗ್‌ಗಳನ್ನು ಎನ್‌ಸಿಎಎ ಅಲ್ಲಿಯವರೆಗೆ ವೃತ್ತಿಪರವೆಂದೇ ಎಣಿಸಿ, ಅಲ್ಲಿ ಆಡಿದವರನ್ನು ಕಾಲೇಜು ತಂಡಕ್ಕೆ ಬಿಡುತ್ತಿರಲಿಲ್ಲ. ಆ ನವೆಂಬರಿನ ತೀರ್ಮಾನದಂತೆ 2025ರ ಆಗಸ್ಟ್ 1ರಿಂದ ಆ ಬೇಲಿ ಇಲ್ಲ. ಕೆನಡಾದ ಯುವ ಆಟಗಾರ ಗ್ಯಾವಿನ್ ಮೆಕೆನ್ನಾ ಮೆಡಿಸಿನ್ ಹ್ಯಾಟ್‌ನ ಜೂನಿಯರ್ ತಂಡದಿಂದ ಪೆನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಬಂದದ್ದು ಹೀಗೆ. ಅದೇ ಬೇಸಿಗೆಯಲ್ಲಿ ಕಾಲೇಜು ಆಟಗಾರರಿಗೆ ಹಣ ಕೊಡುವ ಕುರಿತ ‘ಹೌಸ್’ ಮೊಕದ್ದಮೆಯ ರಾಜಿ ಜಾರಿಗೆ ಬಂದು, ಅದಕ್ಕೆ ಸೇರಿದ ಕಾಲೇಜುಗಳಲ್ಲಿ 18 ವಿದ್ಯಾರ್ಥಿವೇತನದ ಮಿತಿ ಹೋಗಿ ತಂಡಕ್ಕೆ 26 ಜನರ ಮಿತಿ ಬಂತು.

ಇಪ್ಪತ್ತೇಳನೆಯವನು ಎಲ್ಲಿಗೆ ಹೋಗಬೇಕು? ಹದಿನಾರರಲ್ಲೇ ಬಾಯಿಮಾತಿನ ಒಪ್ಪಿಗೆ ಪಡೆದು ಅಮೆರಿಕದ ಜೂನಿಯರ್ ಲೀಗ್ ಯುಎಸ್‌ಎಚ್‌ಎಲ್‌ನಲ್ಲಿ ಕಾಯುತ್ತಿದ್ದವನಿಗೆ ಫೋನ್ ಬರುತ್ತದೆ: ಇನ್ನೊಂದು ವರ್ಷ ಕಾಯಿ, ಇಲ್ಲವೇ ಬೇರೆ ಕಡೆ ನೋಡಿಕೊ. ಬಾಯಿಮಾತಿಗೆ ಎರಡೂ ಕಡೆ ಕಟ್ಟುಪಾಡಿಲ್ಲ. ಫೋನ್ ಮಾಡುವವರು ಹೆಚ್ಚಾಗಿ ಸಹಾಯಕ ಕೋಚ್, ಅವನ ಮನೆಯಲ್ಲಿ ಕೂತು ಆ ಮಾತು ಕೊಟ್ಟು ಬಂದವರೇ.