ಗುಳ್ಳೆ ಎಲ್ಲಿ ಎದ್ದಿದೆ ಎಂದು ನೋಡಿ

ಪೆಂಫಿಗಸ್ ವಲ್ಗ್ಯಾರಿಸ್ ಎಂಬ ಕಾಯಿಲೆ ಹೆಚ್ಚಿನವರಲ್ಲಿ ಶುರುವಾಗುವುದು ಬಾಯಿಯೊಳಗೆ. ಕೆನ್ನೆಯ ಒಳಭಾಗ, ವಸಡು, ಗಂಟಲು ಎಲ್ಲ ಹುಣ್ಣು. ಖಾರದ ಮಾತಿರಲಿ, ಎಂಜಲು ನುಂಗುವುದೂ ಕಷ್ಟ. ಬರೀ ಬಾಯಿಹುಣ್ಣು ಅಂದುಕೊಂಡು ವಿಟಮಿನ್ ಮಾತ್ರೆಯಲ್ಲೇ ತಿಂಗಳುಗಟ್ಟಲೆ ಕಳೆಯುವವರಿದ್ದಾರೆ. ಆಮೇಲೆ ಮೈಮೇಲೆ ತೆಳ್ಳನೆಯ, ಜೋಲುವ ಗುಳ್ಳೆಗಳು ಏಳುತ್ತವೆ. ಸ್ವಲ್ಪ ತಾಗಿದರೂ ಒಡೆದು ಹಸಿಗಾಯ ಆಗುತ್ತದೆ. ಗುಳ್ಳೆಯ ಪಕ್ಕದಲ್ಲಿ ನೋಡಲು ಚೆನ್ನಾಗಿಯೇ ಇರುವ ಚರ್ಮವನ್ನು ವೈದ್ಯರು ಬೆರಳಿನಿಂದ ಒತ್ತಿ ಉಜ್ಜಿದರೆ ಮೇಲ್ಪದರ ಜಾರಿ ಬರುತ್ತದೆ. ಇದನ್ನು ನಿಕೋಲ್ಸ್ಕಿ ಚಿಹ್ನೆ ಅನ್ನುತ್ತಾರೆ.

ಇದು ಅಂಟುರೋಗವಲ್ಲ. ಮುಟ್ಟಿದರೆ, ಜೊತೆಗೆ ಕೂತು ಉಂಡರೆ ಬರುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು, ಯಾಕೆಂದರೆ ಗಾಯದ ನೋವಿನ ಮೇಲೆ ಜನ ದೂರ ಸರಿಯುವ ನೋವನ್ನೂ ರೋಗಿ ಸಹಿಸಬೇಕಾಗುತ್ತದೆ. ಚರ್ಮವನ್ನು ಬಿಡಿಸುತ್ತಿರುವುದು ಅವರದೇ ರೋಗನಿರೋಧಕ ವ್ಯವಸ್ಥೆ. ಅದಕ್ಕೆ ಶಕ್ತಿ ಕಡಿಮೆಯಾಗಿಲ್ಲ, ಗುರಿ ತಪ್ಪಿದೆ ಅಷ್ಟೇ.

ಚರ್ಮದ ಮೇಲ್ಪದರದ ಜೀವಕೋಶಗಳು ಒಂದಕ್ಕೊಂದು ಟಿಚ್ ಬಟನ್ ಹಾಕಿದ ಹಾಗೆ ಕೂಡಿಕೊಂಡಿರುತ್ತವೆ. ಈ ಬಟನ್‌ಗಳ ಹೆಸರು ಡೆಸ್ಮೋಸೋಮ್. ಅವುಗಳಲ್ಲಿ ಡೆಸ್ಮೋಗ್ಲೀನ್ ಎಂಬ ಪ್ರೋಟೀನ್ ಇದೆ. ಪೆಂಫಿಗಸ್‌ನಲ್ಲಿ ಬಿ ಕೋಶ ಎಂಬ ಬಿಳಿ ರಕ್ತಕಣಗಳ ವಂಶದಿಂದ ಹುಟ್ಟುವ ಪ್ರತಿಕಾಯಗಳು ಸೂಕ್ಷ್ಮಾಣುಗಳನ್ನು ಹಿಡಿಯುವ ಬದಲು ಈ ಡೆಸ್ಮೋಗ್ಲೀನನ್ನೇ ಹಿಡಿಯುತ್ತವೆ. ಹಿಡಿತ ಸಡಿಲವಾಗುತ್ತದೆ, ಕೋಶಗಳು ಬೇರೆಯಾಗುತ್ತವೆ, ನಡುವೆ ನೀರು ತುಂಬುತ್ತದೆ.

ನನಗೆ ತುಂಬಾ ಇಷ್ಟವಾದ ಭಾಗ ಇಲ್ಲಿಂದ ಮುಂದಿದೆ. ಚರ್ಮದಲ್ಲಿ ಮುಖ್ಯವಾದ ಡೆಸ್ಮೋಗ್ಲೀನ್‌ಗಳು ಎರಡು. 1ನೆಯದು ಚರ್ಮದ ಮೇಲ್ಭಾಗದಲ್ಲಿ ಜಾಸ್ತಿ, 3ನೆಯದು ಕೆಳಭಾಗದಲ್ಲಿ ಜಾಸ್ತಿ. ಬಾಯೊಳಗೆ ಹೆಚ್ಚಿನ ಕೆಲಸ 3ನೆಯದರದ್ದೇ. ಹಾಗಾಗಿ ಪ್ರತಿಕಾಯ 3ನೆಯದನ್ನು ಮಾತ್ರ ಹಿಡಿದರೆ ಬಾಯಿ ಹುಣ್ಣಾಗುತ್ತದೆ, ಚರ್ಮ ಬಹುಪಾಲು ಉಳಿಯುತ್ತದೆ, ಯಾಕೆಂದರೆ ಅಲ್ಲಿ 1ನೆಯದು ಕೈಹಿಡಿಯುತ್ತದೆ. 1ನೆಯದನ್ನು ಮಾತ್ರ ಹಿಡಿದರೆ ಚರ್ಮದ ತೀರಾ ಮೇಲಿನ ಪದರ ಸುಲಿಯುತ್ತದೆ, ಬಾಯಿ ಚೆನ್ನಾಗಿರುತ್ತದೆ. ಇದು ಪೆಂಫಿಗಸ್ ಫೋಲಿಯೇಶಿಯಸ್. ಎರಡಕ್ಕೂ ಪ್ರತಿಕಾಯ ಇದ್ದರೆ ಎರಡು ಕಡೆಯೂ ಕಷ್ಟ. ಗುಳ್ಳೆ ಎಲ್ಲಿದೆ ಎಂದು ನೋಡಿದರೆ ರಕ್ತದಲ್ಲಿ ಯಾವ ಪ್ರತಿಕಾಯ ಓಡಾಡುತ್ತಿದೆ ಎಂದು ಸುಮಾರಾಗಿ ಊಹಿಸಬಹುದು! ಇದಕ್ಕೆ ಇನ್ನೊಂದು ಕಡೆಯಿಂದಲೂ ಸಾಕ್ಷಿ ಸಿಕ್ಕಿದೆ. ಚಿಕ್ಕ ಮಕ್ಕಳ ಚರ್ಮ ಸುಟ್ಟಂತೆ ಸುಲಿಯುವ ಒಂದು ಸ್ಟೆಫಿಲೋಕಾಕಸ್ ಸೋಂಕಿದೆ. ಆ ಬ್ಯಾಕ್ಟೀರಿಯಾದ ವಿಷ ಕತ್ತರಿಸುವುದೂ ಡೆಸ್ಮೋಗ್ಲೀನ್ 1ನ್ನೇ. ಚರ್ಮ ಬಿಡುವುದೂ ಅದೇ ಮೇಲಿನ ಪದರದಲ್ಲಿ.

ವಯಸ್ಸಾದವರಲ್ಲಿ ಹೆಚ್ಚಾಗಿ ಕಾಣುವ ಬುಲ್ಲಸ್ ಪೆಂಫಿಗಾಯ್ಡ್ ಇದಕ್ಕಿಂತ ಬೇರೆ. 1953ರಲ್ಲಿ ಚರ್ಮವೈದ್ಯ ವಾಲ್ಟರ್ ಲಿವರ್ ಎರಡನ್ನೂ ಬೇರ್ಪಡಿಸಿ ತೋರಿಸಿದರು. ಇಲ್ಲಿ ಪ್ರತಿಕಾಯ ಕೂರುವುದು ಮೇಲ್ಚರ್ಮವನ್ನು ಕೆಳಗಿನ ಚರ್ಮಕ್ಕೆ ಕಚ್ಚಿಸಿಡುವ ಪ್ರೋಟೀನ್‌ಗಳ ಮೇಲೆ. ಮೇಲ್ಚರ್ಮ ಇಡಿಯಾಗಿ ಮೇಲೇಳುವುದರಿಂದ ಗುಳ್ಳೆ ಬಿಗಿಯಾಗಿ, ದಪ್ಪ ಹೊದಿಕೆಯೊಂದಿಗೆ ಇರುತ್ತದೆ, ಬೇಗ ಒಡೆಯುವುದಿಲ್ಲ. ಗುಳ್ಳೆಗೆ ಮುಂಚೆ ವಾರಗಟ್ಟಲೆ ಬರೀ ತುರಿಕೆ ಇರುವುದೂ ಉಂಟು. ಪೆಂಫಿಗಸ್‌ನಲ್ಲಿ ಪ್ರತಿಕಾಯವೊಂದೇ ಬಹುಮಟ್ಟಿಗೆ ಸಾಕು. ಪೆಂಫಿಗಾಯ್ಡ್‌ನಲ್ಲಿ ಅದು ರಕ್ತದ ಕಾಂಪ್ಲಿಮೆಂಟ್ ಪ್ರೋಟೀನ್‌ಗಳನ್ನು, ನ್ಯೂಟ್ರೋಫಿಲ್, ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣಗಳನ್ನು ಕರೆತರುತ್ತದೆ. ಅವು ಸುರಿಸುವ ಕಿಣ್ವಗಳು ಬೆಸುಗೆಯನ್ನು ಕತ್ತರಿಸುತ್ತವೆ.

ತಪ್ಪು ಪ್ರತಿಕಾಯದ್ದೇ ಎಂದು ಗೊತ್ತಾಗಿದ್ದು ಹೇಗೆ? 1964ರಲ್ಲಿ ಬ್ಯೂಟ್ನರ್ ಮತ್ತು ಜೋರ್ಡನ್ ಎಂಬ ಸಂಶೋಧಕರು ಪೆಂಫಿಗಸ್ ರೋಗಿಗಳ ರಕ್ತದಲ್ಲಿ ಅದನ್ನು ಕಂಡರು. ಬಯಾಪ್ಸಿಯ ಚೂರಿಗೆ ಹೊಳೆಯುವ ಬಣ್ಣ ಹಚ್ಚಿ ನೋಡುವ ಪರೀಕ್ಷೆ ಇಂದಿಗೂ ನಡೆಯುತ್ತದೆ. ಪೆಂಫಿಗಸ್ ಆದರೆ ಸೂಕ್ಷ್ಮದರ್ಶಕದಲ್ಲಿ ಒಂದೊಂದು ಕೋಶದ ಸುತ್ತಲೂ ಹಸಿರು ಗೆರೆ ಕಾಣುತ್ತದೆ. ಪೆಂಫಿಗಾಯ್ಡ್ ಆದರೆ ಮೇಲ್ಚರ್ಮದ ಬುಡದಲ್ಲಿ ಒಂದೇ ಉದ್ದ ಗೆರೆ. 1982ರಲ್ಲಿ ಪೆಂಫಿಗಸ್ ರೋಗಿಗಳ ಪ್ರತಿಕಾಯವನ್ನು ಇಲಿಮರಿಗಳಿಗೆ ಚುಚ್ಚಿದಾಗ ಅವುಗಳಿಗೂ ಗುಳ್ಳೆ ಎದ್ದವು. ಪೆಂಫಿಗಸ್ ಇರುವ ತಾಯಿಗೆ ಹುಟ್ಟಿದ ಮಗುವಿನ ಮೈಮೇಲೂ ಕೆಲವೊಮ್ಮೆ ಗುಳ್ಳೆ ಇರುತ್ತದೆ. ತಾಯಿಯಿಂದ ಬಂದ ಪ್ರತಿಕಾಯ ಕರಗಿದ ಹಾಗೆ, ಕೆಲವು ವಾರಗಳಲ್ಲಿ ಅದು ತಾನಾಗೇ ಮಾಯುತ್ತದೆ.

1950ರ ದಶಕದಲ್ಲಿ ಸ್ಟೆರಾಯ್ಡ್ ಬರುವ ಮುಂಚೆ ಪೆಂಫಿಗಸ್ ಹೆಚ್ಚಿನವರ ಜೀವ ತೆಗೆಯುತ್ತಿತ್ತು. ಸ್ಟೆರಾಯ್ಡ್ ಜೀವ ಉಳಿಸಿತು, ಆದರೆ ಅದು ಇಡೀ ರೋಗನಿರೋಧಕ ವ್ಯವಸ್ಥೆಯನ್ನೇ ಅದುಮುತ್ತದೆ. ಜೊತೆಗೆ ಮೂಳೆ ಸವೆತ, ಸಕ್ಕರೆ ಕಾಯಿಲೆ, ಸೋಂಕಿನ ಭಯ. ವೈದ್ಯರನ್ನು ಕೇಳದೆ ಅದನ್ನು ದಿಢೀರ್ ನಿಲ್ಲಿಸುವುದೂ ಅಪಾಯವೇ. ಬಿ ಕೋಶಗಳನ್ನಷ್ಟೇ ತೆಗೆಯುವ ರಿಟುಕ್ಸಿಮ್ಯಾಬ್ ಎಂಬ ಔಷಧಿಗೆ 2018ರಲ್ಲಿ ಅಮೆರಿಕದಲ್ಲಿ ಪೆಂಫಿಗಸ್‌ಗಾಗಿ ಅನುಮತಿ ಸಿಕ್ಕಿತು. ಆದರೆ ಅದು ಒಳ್ಳೆಯ ಬಿ ಕೋಶಗಳನ್ನೂ ಬಿಡುವುದಿಲ್ಲ.

ಹಾಗಾಗಿ 2016ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಪ್ರಕಟಿಸಿದ ಕೆಲಸ ನನಗೆ ದೊಡ್ಡದಾಗಿ ಕಾಣುತ್ತದೆ. ಅವರು ಟಿ ಕೋಶ ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳನ್ನು ತಿದ್ದಿ, ಅವುಗಳ ಮೈಮೇಲೆ ಡೆಸ್ಮೋಗ್ಲೀನ್ 3ರ ತುಣುಕನ್ನು ಕೂರಿಸಿದರು. ದಾರಿ ತಪ್ಪಿದ ಬಿ ಕೋಶ ಅದನ್ನು ಹಿಡಿಯಲು ಬಂದರೆ ಟಿ ಕೋಶ ಅದನ್ನೇ ಕೊಲ್ಲುತ್ತದೆ, ಉಳಿದ ಬಿ ಕೋಶಗಳ ತಂಟೆಗೆ ಹೋಗುವುದಿಲ್ಲ. ಇಲಿಗಳಲ್ಲಿ ಇದು ಫಲ ಕೊಟ್ಟಿತು. ಆಮೇಲೆ ರೋಗಿಗಳ ಮೇಲಿನ ಪ್ರಯೋಗವೂ ಶುರುವಾಗಿದೆ.