ಕುಸ್ತಿಯ ವಿಡಿಯೊಗೆ ಯಾವ ಸಂಗೀತ ಕೂಡಿಸಬೇಕು?

ಪ್ರಶ್ನೆ: ನಮ್ಮೂರ ಜಾತ್ರೆಯ ಜಂಗಿ ನಿಕಾಲಿ (ಎದುರಾಳಿಯ ಬೆನ್ನನ್ನು ಮಣ್ಣಿಗೆ ಹತ್ತಿಸಿ ಗೆಲ್ಲುವ) ಕುಸ್ತಿಗಳನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ, ಒಳ್ಳೆಯ ಪಟ್ಟುಗಳನ್ನಷ್ಟೇ ಆಯ್ದು ನಾಲ್ಕೈದು ನಿಮಿಷದ ವಿಡಿಯೊ ಮಾಡುತ್ತೇನೆ. ಸಿನಿಮಾ ಹಾಡು ಹಾಕಿದರೆ ಹಕ್ಕುಸ್ವಾಮ್ಯದ ಸೂಚನೆ ಬರುತ್ತದೆ. ಉಚಿತವಾಗಿ ಸಿಗುವ ಸಂಗೀತ ಹಾಕಿದರೆ ನಮ್ಮ ಕುಸ್ತಿಗೆ ಅದು ಹೊಂದುವುದಿಲ್ಲ. ಹಾಗಾದರೆ ಯಾವ ಸಂಗೀತ ಬಳಸಬೇಕು?

ಉತ್ತರ: ಬೆಳಗಾವಿ ಜಿಲ್ಲೆಯ ಅಥಣಿಯಿಂದ ಹಿಡಿದು ವಿಜಯಪುರ ಜಿಲ್ಲೆಯ ಇಂಡಿಯವರೆಗೆ, ಜಾತ್ರೆಯ ಕುಸ್ತಿಗಳನ್ನು ಪ್ರೀತಿಯಿಂದ ಚಿತ್ರೀಕರಿಸುವ ಅನೇಕ ಹುಡುಗರು ಈ ಪ್ರಶ್ನೆಯನ್ನು ಕೇಳುತ್ತಾರೆ. ನನ್ನ ಉತ್ತರ ಹಲವು ವರ್ಷಗಳಿಂದ ಬದಲಾಗಿಲ್ಲ. ಆ ಕಣದಲ್ಲಿ ಬಾರಿಸಿದ ಹಲಗಿಯನ್ನೇ (ತಮಟೆಯಂಥ ಚರ್ಮವಾದ್ಯ) ಬಳಸಿರಿ, ಆದರೆ ಅದನ್ನು ಬೇರೆಯಾಗಿ, ಬಾರಿಸುವವರ ಒಪ್ಪಿಗೆ ಪಡೆದು, ಶುದ್ಧವಾಗಿ ಧ್ವನಿಮುದ್ರಿಸಿಕೊಳ್ಳಿರಿ. ಅದನ್ನು ಇಡೀ ವಿಡಿಯೊದ ಉದ್ದಕ್ಕೂ ಹಾಸದೆ, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಮೊದಲೇ ನಿರ್ಧರಿಸಿಕೊಳ್ಳಿರಿ.

ಹಲಗಿಯನ್ನೇ ಏಕೆ ಹೇಳುತ್ತೇನೆಂದರೆ, ಮಣ್ಣಿನ ಕುಸ್ತಿಯ ನಡೆಗೂ ಅದಕ್ಕೂ ಹಳೆಯ ಹೊಂದಾಣಿಕೆಯಿದೆ. ಬೆಳಗಾವಿಯ ಆನಂದವಾಡಿ ಅಖಾಡದಲ್ಲಾಗಲಿ, ವಿಜಯಪುರದ ಸಿದ್ಧೇಶ್ವರರ ಸಂಕ್ರಮಣ ಜಾತ್ರೆಯಲ್ಲಾಗಲಿ, ಕಣದ ಅಂಚಿನಲ್ಲಿ ನಿಂತು ಹಲಗಿಯವರ ಕೈಯನ್ನು ಗಮನಿಸಿದರೆ ಅದು ತಿಳಿಯುತ್ತದೆ. ಪೈಲ್ವಾನರು ಮಣ್ಣು ಹಣೆಗೆ ಹಚ್ಚಿಕೊಂಡು, ಅಂಗೈಯಿಂದ ತೊಡೆ ತಟ್ಟಿ ಶಡ್ಡು ಹೊಡೆದು, ಕೈಗೆ ಕೈ ಕೊಟ್ಟು ಸುತ್ತುವಾಗ ಪೆಟ್ಟುಗಳು ಬಿಡಿಬಿಡಿಯಾಗಿ ಬೀಳುತ್ತವೆ. ಕುತ್ತಿಗೆಗೆ ಕೈ ಬಿದ್ದು ಹಿಡಿತ ಬಿಗಿಯಾದಂತೆ ಗತ್ತು, ಅಂದರೆ ತಾಳದ ನಡೆ, ಕಟ್ಟಿಕೊಳ್ಳುತ್ತದೆ. ಒಬ್ಬನು ಕೆಳಗೆ ಕೂತು ಇನ್ನೊಬ್ಬನು ಸವಾರಿ ಹಾಕಿದಾಗ ಪೆಟ್ಟುಗಳು ಒಂದರ ಮೇಲೊಂದು ಏರುತ್ತವೆ. ಬೆನ್ನಿಗೆ ಮಣ್ಣು ಹತ್ತಿದ ಕ್ಷಣಕ್ಕೆ ಜನರ ಕೂಗಿನಲ್ಲಿ ಹಲಗಿಯೇ ಮುಳುಗಿಹೋಗುತ್ತದೆ. ಇದನ್ನು ಯಾರೂ ಕಾಗದದ ಮೇಲೆ ಬರೆದು ಕೊಟ್ಟಿಲ್ಲ. ಬಾರಿಸುವವನು ಕುಸ್ತಿಯನ್ನು ನೋಡುತ್ತಲೇ ಬಾರಿಸುತ್ತಾನೆ. ಸ್ಟುಡಿಯೊದಲ್ಲಿ ಸಿದ್ಧವಾದ ಸಂಗೀತ ಎಷ್ಟೇ ಚೆನ್ನಾಗಿದ್ದರೂ ಮೊದಲಿನಿಂದ ಕೊನೆಯವರೆಗೆ ಒಂದೇ ಆವೇಶದಲ್ಲಿ ಓಡುತ್ತದೆ, ಹಾಗಾಗಿ ಹತ್ತು ನಿಮಿಷ ತಾಳ್ಮೆಯಿಂದ ಹಿಡಿದು ಒಂದೇ ಸೆಕೆಂಡಿನಲ್ಲಿ ಢಾಕ ಎಂಬ ಪಟ್ಟು ಹಾಕುವ ಪೈಲ್ವಾನನ ಸ್ವಭಾವ ಅದರೊಳಗೆ ಕಾಣಿಸುವುದಿಲ್ಲ.

ಇನ್ನೊಂದು ಕಾರಣ ಶುದ್ಧ ತಾಂತ್ರಿಕವಾದದ್ದು. ನಿಮ್ಮ ವಿಡಿಯೊವನ್ನು ಬಹುತೇಕ ಎಲ್ಲರೂ ನೋಡುವುದು ಮೊಬೈಲಿನಲ್ಲಿ. ಅದರ ಸಣ್ಣ ಸ್ಪೀಕರಿನಿಂದ ಇನ್ನೂರು ಹರ್ಟ್ಸ್‌ಗಿಂತ ಕೆಳಗಿನ ಮಂದ್ರ ಧ್ವನಿ ಸರಿಯಾಗಿ ಹೊರಬರುವುದಿಲ್ಲ. ಎದುರಿಗೆ ನಿಂತಾಗ ಎದೆಯನ್ನೇ ನಡುಗಿಸುವ ಡೊಳ್ಳು ಮೊಬೈಲಿನಲ್ಲಿ ರಟ್ಟಿನ ಡಬ್ಬಿ ಬಡಿದಂತೆ ಕೇಳುವುದಕ್ಕೆ ಇದೇ ಕಾರಣ. ಹಲಗಿಯದು ಬಿಗಿದ ಚರ್ಮದ ಮೇಲೆ ತೆಳುವಾದ ಕಡ್ಡಿ ಬೀಳುವ ಚೂಪಾದ ಸದ್ದು, ಅದು ಸಣ್ಣ ಸ್ಪೀಕರಿನಲ್ಲಿಯೂ ಉಳಿದುಕೊಳ್ಳುತ್ತದೆ.

ಕರಡಿ ಮಜಲನ್ನು ಹಾಕಬಹುದೇ ಎಂದು ಬಾಗಲಕೋಟೆಯ ಕಡೆಯವರು ವಿಶೇಷವಾಗಿ ಕೇಳುತ್ತಾರೆ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಎಂಬ ನಮ್ಮ ಮೂರೂ ಜಿಲ್ಲೆಗಳ ಹೆಮ್ಮೆಯ ವಾದ್ಯಮೇಳ ಅದು, ಅದನ್ನು ಹಾಕಲೇಬೇಕು. ಆದರೆ ಕುಸ್ತಿ ನಡೆಯುವಾಗ ಬೇಡ. ಅದರಲ್ಲಿ ಸನಾದಿಯ (ಶಹನಾಯಿಯಂಥ ಊದುವ ವಾದ್ಯ) ರಾಗವಿದೆ, ಮತ್ತು ಸನಾದಿಯ ಧ್ವನಿ ಮನುಷ್ಯನ ಮಾತು ಇರುವ ಎತ್ತರದಲ್ಲಿಯೇ ಹರಿಯುವುದರಿಂದ ಕಣದ ಮೈಕಿನಿಂದ ಬರುವ ಮಾತನ್ನು ಅದು ನುಂಗಿಬಿಡುತ್ತದೆ. ಜೋಡಿಗಳನ್ನು ಕಣಕ್ಕೆ ಕರೆತರುವ ದೃಶ್ಯಕ್ಕೆ, ಗೆದ್ದವನನ್ನು ಹೆಗಲ ಮೇಲೆ ಹೊತ್ತು ಬೆಳ್ಳಿಯ ಗದೆಯೊಂದಿಗೆ ಸುತ್ತು ಹಾಕಿಸುವ ದೃಶ್ಯಕ್ಕೆ ಅದಕ್ಕಿಂತ ತಕ್ಕದ್ದು ಇನ್ನೊಂದಿಲ್ಲ.

ಮೈಕಿನ ಮಾತಿನ ವಿಷಯ ಬಂದದ್ದರಿಂದ ನನ್ನಿಂದಲೇ ಆದ ಒಂದು ತಪ್ಪನ್ನು ಹೇಳಬೇಕು. ಜಮಖಂಡಿ ತಾಲ್ಲೂಕಿನ ಒಂದು ಜಾತ್ರೆಯಲ್ಲಿ ಹದಿನೇಳರ ಹರೆಯದ ಹುಡುಗನೊಬ್ಬ ತನಗಿಂತ ದೊಡ್ಡವನನ್ನು ಧೋಬಿ ಪಛಾಡ್ ಎಂಬ ಪಟ್ಟಿನಲ್ಲಿ ಚಿತ್ ಮಾಡಿದ. ಮೈಕಿನಲ್ಲಿದ್ದ ಹಿರಿಯರು ಆ ಹುಡುಗನ ಊರು, ಅವನ ಅಜ್ಜ, ಅವನ ಗರಡಿ, ಅವನ ವಸ್ತಾದಿ (ಕುಸ್ತಿಯ ಗುರು), ಎಲ್ಲರ ಹೆಸರನ್ನೂ ಒಂದೇ ಉಸಿರಿನಲ್ಲಿ ಕೂಗಿ ಹೇಳಿದರು. ನಾನು ಆ ಮೂಲಧ್ವನಿಯನ್ನು ಪೂರ್ತಿ ತೆಗೆದುಹಾಕಿ ಜನಪ್ರಿಯ ಹಾಡೊಂದನ್ನು ಕೂಡಿಸಿದೆ, ಮೊಬೈಲಿನಲ್ಲಿ ಜಾಗವಿಲ್ಲವೆಂದು ಮೂಲ ಚಿತ್ರಣವನ್ನೂ ಅಳಿಸಿದೆ. ಕೆಲವು ದಿನಗಳ ನಂತರ ಹುಡುಗನ ತಾಯಿ ಕೇಳಿದ್ದು ಒಂದೇ ಮಾತು: ಅವನ ಅಜ್ಜನ ಹೆಸರು ಹೇಳಿದ್ದು ಇದರಲ್ಲಿ ಎಲ್ಲಿದೆ? ಅದು ಈಗ ಎಲ್ಲಿಯೂ ಇಲ್ಲ. ಅಂದಿನಿಂದ ಮೂಲಧ್ವನಿಯನ್ನು ಬೇರೆ ಕಡೆ ಉಳಿಸಿಕೊಳ್ಳದೆ ಯಾವ ವಿಡಿಯೊಗೂ ಸಂಗೀತ ಕೂಡಿಸಿಲ್ಲ. ಮಾತು ಬರುವಲ್ಲಿ ಸಂಗೀತವನ್ನು ಕನಿಷ್ಠ ಹತ್ತು ಹನ್ನೆರಡು ಡೆಸಿಬೆಲ್ ಇಳಿಸುವುದನ್ನು ನಾನು ನಿಯಮವಾಗಿಯೇ ಇಟ್ಟುಕೊಂಡಿದ್ದೇನೆ.

ಧ್ವನಿಮುದ್ರಣದ ಕೆಲಸ ಕಷ್ಟದ್ದಲ್ಲ. ಕುಸ್ತಿ ಆರಂಭವಾಗುವ ಮುನ್ನ, ಹಲಗಿಯವರು ಬೆಂಕಿಯ ಮುಂದೆ ಚರ್ಮ ಕಾಯಿಸಿ ಬಿಗಿ ಮಾಡಿಕೊಂಡಾದ ಮೇಲೆ, ಗದ್ದಲವಿಲ್ಲದ ಕಡೆಗೆ ಅವರನ್ನು ಕರೆದು ನಿಧಾನ, ಮಧ್ಯಮ, ಜೋರು ಎಂಬ ಮೂರು ನಡೆಗಳನ್ನು ಎರಡೆರಡು ನಿಮಿಷ ಬಾರಿಸಲು ಕೇಳಿಕೊಳ್ಳಿರಿ. ಪ್ರತಿಯೊಂದು ನಡೆಯನ್ನೂ ಅವರು ತಾವೇ ಮುಕ್ತಾಯ ಮಾಡಿ ಕೈ ಎತ್ತುವವರೆಗೆ ಮುದ್ರಿಸಿರಿ, ಏಕೆಂದರೆ ಆ ಮುಕ್ತಾಯದ ಪೆಟ್ಟು ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ. ಮೊಬೈಲನ್ನು ಮೂರು ನಾಲ್ಕು ಮೀಟರ್ ದೂರದಲ್ಲಿಡಿರಿ. ಹತ್ತಿರವಿಟ್ಟರೆ ಹಲಗಿಯ ಪೆಟ್ಟು ಮೈಕಿನ ಮಿತಿಯನ್ನು ದಾಟಿ ಒಡೆದುಹೋಗುತ್ತದೆ, ಒಡೆದ ಸದ್ದನ್ನು ನಂತರ ಸರಿಮಾಡಲು ಬರುವುದಿಲ್ಲ. ಕಡತವನ್ನು ಎಂಪಿ3 ಬದಲು ವೇವ್ ರೂಪದಲ್ಲಿ, 48 ಕಿಲೋಹರ್ಟ್ಸ್‌ನಲ್ಲಿ ಉಳಿಸಿಕೊಂಡರೆ ವಿಡಿಯೊದೊಂದಿಗೆ ಸಲೀಸಾಗಿ ಕೂಡುತ್ತದೆ. ಹೋಳಿಯ ಹೊತ್ತಿನಲ್ಲಿ ಬಾಗಲಕೋಟೆಗೆ ಹೋಗುವ ಅವಕಾಶವಿದ್ದರೆ ಬಿಡಬೇಡಿರಿ. ಹಲಗಿಯ ಎಷ್ಟು ಬಗೆಯ ಗತ್ತುಗಳಿವೆ ಎಂಬುದು ಆ ಬೀದಿಗಳಲ್ಲಿ ಒಂದೇ ರಾತ್ರಿಯಲ್ಲಿ ಅರ್ಥವಾಗುತ್ತದೆ.

ಚಿತ್ರವನ್ನು ಸಂಗೀತಕ್ಕೆ ಹೊಂದಿಸುವಲ್ಲಿ ಸ್ವಲ್ಪ ಲೆಕ್ಕ ಬೇಕಾಗುತ್ತದೆ. ನಿಮ್ಮ ವಿಡಿಯೊ ಸೆಕೆಂಡಿಗೆ 30 ಫ್ರೇಮುಗಳದ್ದು (ಬಿಡಿ ಚಿತ್ರಗಳದ್ದು) ಎಂದುಕೊಳ್ಳಿರಿ. ನಿಮಿಷಕ್ಕೆ 90 ಪೆಟ್ಟಿನ ನಿಧಾನ ನಡೆಯಲ್ಲಿ ಪೆಟ್ಟಿನಿಂದ ಪೆಟ್ಟಿಗೆ 20 ಫ್ರೇಮು, 120ರಲ್ಲಿ 15, 150ರ ಜೋರಿನಲ್ಲಿ 12. ದೃಶ್ಯದಿಂದ ದೃಶ್ಯಕ್ಕೆ ಹೋಗುವ ಕತ್ತರಿ ಪೆಟ್ಟಿನ ಮೇಲೆಯೇ ಬೀಳಬೇಕು, ಆದರೆ ಪ್ರತಿ ಪೆಟ್ಟಿಗೂ ಬೀಳಬಾರದು. ಹಿಡಿತದ ದೃಶ್ಯಗಳಲ್ಲಿ ಎಂಟು ಪೆಟ್ಟಿಗೊಮ್ಮೆ ಕತ್ತರಿಸಿದರೆ ಸಾಕು. ಡಾವು (ಪಟ್ಟು) ಆರಂಭವಾದ ಮೇಲೆ ಅದು ಮುಗಿಯುವವರೆಗೆ ಕತ್ತರಿಸಲೇಬೇಡಿರಿ. ಏಕಲಂಗಿ ಎಂಬ ಪಟ್ಟು ಹಾಕುವ ಕಾಲು ಎಲ್ಲಿಂದ ಬಂತು, ಸೊಂಟ ಯಾವ ಕಡೆಗೆ ತಿರುಗಿತು ಎಂಬುದನ್ನು ನೋಡಲೆಂದೇ ತಿಳಿದವರು ನಿಮ್ಮ ವಿಡಿಯೊ ತೆರೆಯುತ್ತಾರೆ. ಸೆಕೆಂಡಿಗೆ 60 ಫ್ರೇಮುಗಳಲ್ಲಿ ಚಿತ್ರೀಕರಿಸಿ 30ರಲ್ಲಿ ತೋರಿಸಿದರೆ ಒಂದು ಸೆಕೆಂಡಿನ ಡಾವು ಎರಡು ಸೆಕೆಂಡಾಗಿ, 120ರ ನಡೆಯಲ್ಲಿ ಸರಿಯಾಗಿ ನಾಲ್ಕು ಪೆಟ್ಟು ತುಂಬುತ್ತದೆ. ಹಲಗಿಯವರ ಕೈ ತಾನಾಗಿಯೇ ವೇಗ ಹೆಚ್ಚಿಸಿಕೊಳ್ಳುತ್ತ ಹೋಗುತ್ತದೆಯಾದ್ದರಿಂದ ಈ ಲೆಕ್ಕ ಎಲ್ಲ ಕಡೆ ಕರಾರುವಾಕ್ಕಾಗಿ ಕೂಡುವುದಿಲ್ಲ. ಅಂಥಲ್ಲಿ ಪೆಟ್ಟುಗಳ ಮೇಲೆ ಗುರುತು ಹಾಕಿಕೊಂಡು ಚಿತ್ರವನ್ನು ಸರಿಸಿರಿ. ಹಲಗಿಯನ್ನು ಎಳೆದು ಹಿಗ್ಗಿಸಿದರೆ ಅದರ ಜೀವ ಹೋಗುತ್ತದೆ.

ದೊಡ್ಡ ಮೈದಾನಗಳಲ್ಲಿ ದೂರದಿಂದ ಚಿತ್ರೀಕರಿಸುವವರು ಇನ್ನೊಂದನ್ನು ಗಮನಿಸಬೇಕು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ. ನೀವು ಕಣದಿಂದ ಮೂವತ್ತನಾಲ್ಕು ಮೀಟರ್ ದೂರದಲ್ಲಿದ್ದರೆ ಶಡ್ಡಿನ ಸದ್ದು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ತಡವಾಗಿ, ಅಂದರೆ ಮೂರು ಫ್ರೇಮು ಹಿಂದೆ ಬೀಳುತ್ತದೆ. ಮೂಲಧ್ವನಿಯನ್ನು ಮೂರು ಫ್ರೇಮು ಮೊದಲೇ ಬರುವಂತೆ ಸರಿಸಿದರೆ ಅಂಗೈ ತೊಡೆಗೆ ಬಡಿದದ್ದೂ ಅದರ ಸದ್ದೂ ಒಂದಾಗುತ್ತವೆ, ಮತ್ತು ನೋಡುವವನು ಕಣದ ಅಂಚಿಗೇ ಬಂದು ಕೂತಂತಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಸಂಗೀತವನ್ನು ನಿಲ್ಲಿಸುವ ಜಾಗ. ಮಜ್ಜಿಗೆ, ಎಣ್ಣೆ, ಅರಿಸಿನ ಬೆರೆಸಿ ಹದ ಮಾಡಿದ ಕೆಂಪು ಮಣ್ಣಿನ ಮೇಲೆ ದೇಹ ಬಿದ್ದಾಗ ಬರುವುದು ಮೆತ್ತನೆಯ, ಭಾರವಾದ ಸದ್ದು. ಮ್ಯಾಟಿನ ಮೇಲೆ ಬೀಳುವ ಚಟ್ಟೆಂಬ ಸದ್ದಿನಂತೆ ಅದು ಸಂಗೀತವನ್ನು ಸೀಳಿಕೊಂಡು ಬರುವುದಿಲ್ಲ. ಅದಕ್ಕೆ ನಾವೇ ಜಾಗ ಮಾಡಿಕೊಡಬೇಕು. ಬೀಳುವುದಕ್ಕೆ ಐದಾರು ಫ್ರೇಮು ಮೊದಲೇ ಹಲಗಿಯನ್ನು ಪೂರ್ತಿ ನಿಲ್ಲಿಸಿ, ಬಿದ್ದ ಸದ್ದು, ಅರೆಕ್ಷಣದ ಮೌನ, ಆಮೇಲೆ ಏಳುವ ಜನರ ಕೂಗು, ಗಾಳಿಗೆ ತೂರುವ ರುಮಾಲುಗಳು, ಇಷ್ಟನ್ನೂ ಮೂಲಧ್ವನಿಯಲ್ಲಿಯೇ ಕೇಳಿಸಿ, ಎರಡು ಮೂರು ಸೆಕೆಂಡಿನ ನಂತರ ಜೋರಿನ ನಡೆಯನ್ನು ಮತ್ತೆ ಎತ್ತಿಕೊಳ್ಳಿರಿ. ಬಿದ್ದವನ ಮೇಲೆ ನಗೆ ಬರಿಸುವ ಸದ್ದುಗಳನ್ನು ಹಾಕುವ ರೂಢಿಯೊಂದು ಇತ್ತೀಚೆಗೆ ಬಂದಿದೆ. ಗೆದ್ದವನೇ ಬಿದ್ದವನ ಕೈ ಹಿಡಿದು ಎಬ್ಬಿಸಿ ಅಪ್ಪಿಕೊಳ್ಳುವ ಕಣದಲ್ಲಿ ಅದಕ್ಕೆ ಜಾಗವಿಲ್ಲ, ಮತ್ತು ಬಿದ್ದವನೂ ವರ್ಷಗಟ್ಟಲೆ ನಸುಕಿನಲ್ಲೆದ್ದು ಸಾಮು ಮಾಡಿದವನೇ.

ಇನ್ನು ಹಕ್ಕಿನ ಮಾತು. ಹತ್ತು ಸೆಕೆಂಡಿಗಿಂತ ಕಡಿಮೆ ಬಳಸಿದರೆ ತೊಂದರೆಯಿಲ್ಲ ಎಂಬುದು ಬರಿಯ ವದಂತಿ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಅಂಥ ಸೆಕೆಂಡುಗಳ ಲೆಕ್ಕವಿಲ್ಲ. ಒಂದು ಹಾಡಿನಲ್ಲಿ ಸಾಹಿತ್ಯ, ಸಂಗೀತ ಸಂಯೋಜನೆ, ಧ್ವನಿಮುದ್ರಣ ಎಂಬ ಬೇರೆ ಬೇರೆ ಹಕ್ಕುಗಳಿರುತ್ತವೆ. ಮೊದಲ ಎರಡರ ಹಕ್ಕು ರಚನಕಾರರ ಮರಣದ ನಂತರ 60 ವರ್ಷ, ಧ್ವನಿಮುದ್ರಣದ್ದು ಅದು ಪ್ರಕಟವಾದ ಮುಂದಿನ ವರ್ಷದ ಆರಂಭದಿಂದ 60 ವರ್ಷ ಉಳಿಯುತ್ತದೆ. 1970ರಲ್ಲಿ ಹೊರಬಂದ ಧ್ವನಿಮುದ್ರಿಕೆಯ ಹಕ್ಕು 2030ರ ಕೊನೆಯವರೆಗೂ ಇರುತ್ತದೆ ಎಂದಾಯಿತು. ಹನುಮಂತನ ಹಳೆಯ ಸ್ತೋತ್ರ ಯಾರ ಸೊತ್ತೂ ಅಲ್ಲ, ಆದರೆ ಅದನ್ನು ಹಾಡಿ ಹೊರತಂದ ಇತ್ತೀಚಿನ ಮುದ್ರಿಕೆಗೆ ಒಡೆಯರಿರುತ್ತಾರೆ. ನಮ್ಮ ಭಾಗದ ಸ್ಟುಡಿಯೊಗಳಲ್ಲಿ ತಯಾರಾಗುವ ಜಾನಪದ ಹಾಡುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಯೂಟ್ಯೂಬಿನ ಕಂಟೆಂಟ್ ಐಡಿ ಎಂಬ ಯಂತ್ರವ್ಯವಸ್ಥೆ ಹಾಡನ್ನು ತಾನೇ ಗುರುತಿಸಿ ಕ್ಲೇಮ್ ಹಾಕುತ್ತದೆ. ಆಗ ವಿಡಿಯೊದ ಆದಾಯ ಹಾಡಿನ ಒಡೆಯರಿಗೆ ಹೋಗಬಹುದು, ಅಥವಾ ವಿಡಿಯೊವನ್ನೇ ತಡೆಹಿಡಿಯಬಹುದು. ಹಕ್ಕುಸ್ವಾಮ್ಯ ಉಲ್ಲಂಘನೆಗಾಗಿ ಚಾನೆಲ್ಲಿನ ಮೇಲೆ ಬೀಳುವ ಸ್ಟ್ರೈಕ್ ಎಂಬ ಎಚ್ಚರಿಕೆ ಇದಕ್ಕಿಂತ ಗಂಭೀರ: 90 ದಿನಗಳೊಳಗೆ ಮೂರು ಬಿದ್ದರೆ ಚಾನೆಲ್ಲೇ ಹೋಗಬಹುದು. ಅಮೆರಿಕದ ಟಿವಿ ಕುಸ್ತಿಯ ಅಭಿಮಾನಿಗಳಾಗಿ ಡಬ್ಲ್ಯುಡಬ್ಲ್ಯುಇ ತುಣುಕುಗಳನ್ನು ಜೋಡಿಸುವವರಿಗೆ ಸಂಗೀತ ಬದಲಿಸಿದರೂ ಪ್ರಯೋಜನವಿಲ್ಲ, ಏಕೆಂದರೆ ಅಲ್ಲಿ ಚಿತ್ರವೂ ಕಂಪನಿಯದೇ.

ಹಲಗಿ ಸಿಗದೇ ಹೋದಾಗ ಯೂಟ್ಯೂಬ್ ಆಡಿಯೊ ಲೈಬ್ರರಿಯಿಂದ ಬರಿಯ ತಾಳವಾದ್ಯವಿರುವ ತುಣುಕುಗಳನ್ನು ಆರಿಸಬಹುದು. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ (ಷರತ್ತುಗಳೊಂದಿಗೆ ಉಚಿತ ಬಳಕೆಗೆ ಬಿಟ್ಟ) ಸಂಗೀತವಾದರೆ ಅದರಲ್ಲಿ ‘ನೋ ಡೆರಿವೇಟಿವ್ಸ್’ (ಮಾರ್ಪಾಡು ಮಾಡುವಂತಿಲ್ಲ) ಎಂಬ ಷರತ್ತು ಇದೆಯೇ ಎಂದು ನೋಡಿರಿ. ಚಿತ್ರದೊಂದಿಗೆ ಸಂಗೀತ ಹೊಂದಿಸುವುದನ್ನು ಆ ಷರತ್ತು ಒಪ್ಪುವುದಿಲ್ಲ.

ಹಲಗಿಯ ಸಾಂಪ್ರದಾಯಿಕ ಗತ್ತು ಎಲ್ಲರದು, ಆದರೆ ಅಂದು ಬಾರಿಸಿದ ಕೈಗಳಿಗೆ ಅದೇ ಕಾಯ್ದೆಯಲ್ಲಿ ಪ್ರದರ್ಶಕರ ಹಕ್ಕಿದೆ. ಒಂದು ಹಾಳೆಯ ಮೇಲೆ ಒಪ್ಪಿಗೆ ಬರೆಸಿಕೊಳ್ಳಿರಿ, ಅಂದಿನ ಸಂಭಾವನೆ ಕೊಡಿರಿ, ಅವರು ಬಯಸಿದರೆ ಅವರ ಮೇಳದ ಮತ್ತು ಊರಿನ ಹೆಸರನ್ನು ವಿಡಿಯೊದಲ್ಲಿಯೇ ಪೈಲ್ವಾನರ ಹೆಸರಿನಷ್ಟೇ ದೊಡ್ಡ ಅಕ್ಷರಗಳಲ್ಲಿ ಹಾಕಿರಿ.

ಬರಾಬರಿಯಾದ, ಅಂದರೆ ಸೋಲು ಗೆಲುವಿಲ್ಲದೆ ಸಮನಾಗಿ ಮುಗಿದ, ಕುಸ್ತಿಗೆ ಏನು ಮಾಡಬೇಕೆಂದು ಕೆಲವರು ಕೇಳುತ್ತಾರೆ, ಏಕೆಂದರೆ ಅಲ್ಲಿ ಬೀಳುವ ಕ್ಷಣವೇ ಇರುವುದಿಲ್ಲ. ಅಂಥ ಕುಸ್ತಿಯಲ್ಲಿ ನಾನು ಜೋರಿನ ನಡೆಗೆ ಹೋಗುವುದಿಲ್ಲ. ಮಧ್ಯಮದ ನಡೆಯನ್ನೇ ಉಳಿಸಿಕೊಂಡು, ಪಂಚರು ಇಬ್ಬರ ಕೈಗಳನ್ನೂ ಎತ್ತಿ ಹಿಡಿಯುವ ಫ್ರೇಮಿಗೆ ಹಲಗಿಯವರ ಆ ಮುಕ್ತಾಯದ ಪೆಟ್ಟನ್ನು ಕೂಡಿಸುತ್ತೇನೆ, ಆಮೇಲೆ ಇಬ್ಬರ ಏದುಸಿರಷ್ಟೇ ಕೇಳುವಂತೆ ಬಿಡುತ್ತೇನೆ.